ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಕ್ಯಾಪ್ಸೂಲ್: ಎರಡೂವರೆ ವರ್ಷ ನುಂಗಿದ ಮೇಲೆ

ಔಷಧದ ಅಂಗಡಿಯವರು ಕತ್ತರಿ ಹಿಡಿದು ಸ್ಟ್ರಿಪ್ಪಿನಿಂದ ಹತ್ತು ಕ್ಯಾಪ್ಸೂಲುಗಳನ್ನು ಕತ್ತರಿಸಿ ಕೊಟ್ಟಾಗ, ಅವುಗಳ ಜೊತೆಯಲ್ಲಿ ಬರಬೇಕಾಗಿದ್ದ ಮಾಹಿತಿಯ ಹಾಳೆ ಅವರ ಪೆಟ್ಟಿಗೆಯಲ್ಲಿಯೇ ಉಳಿದುಬಿಟ್ಟಿತು. ವೈದ್ಯರು ಚೀಟಿಯಲ್ಲಿ ಬರೆದದ್ದು ಎರಡೇ ಸಂಗತಿ: ಔಷಧದ ಹೆಸರು, ಮತ್ತು ‘ರಾತ್ರಿ ಒಂದು’. ಊಟಕ್ಕೆ ಮೊದಲೋ ಅನಂತರವೋ, ತಲೆ ಸುತ್ತಿದರೆ ಏನು ಮಾಡಬೇಕು, ಯಾವ ಮಾತ್ರೆಯ ಜೊತೆಗೆ ಇದು ಹೊಂದುವುದಿಲ್ಲ ಎಂಬುದನ್ನೆಲ್ಲ ನಾನು ಒಂದೊಂದಾಗಿ, ಕೆಲವನ್ನು ಪೆಟ್ಟು ತಿಂದು, ಕಲಿಯಬೇಕಾಯಿತು. ನಾನು ವೈದ್ಯನಲ್ಲ, ಹಾಸನದಲ್ಲಿ ನೆಲೆಸಿರುವ, ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ 67 ವರ್ಷದವನು. ಒಂದು ಮಿಕ್ಸಿಯ ಬಗ್ಗೆಯೋ ಹೋಟೆಲಿನ ಬಗ್ಗೆಯೋ ಜನರು ವಿಮರ್ಶೆ ಬರೆಯುವಂತೆ, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕೆ ಅಡ್ಡಿಯಾದಾಗ ಕೊಡುವ, ದಿನವೂ ನನ್ನ ಹೊಟ್ಟೆ ಸೇರುವ ಈ ವಸ್ತುವಿನ ಬಗ್ಗೆಯೂ ಒಂದು ವಿಮರ್ಶೆ ಇರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ಥಿತಿಯನ್ನು ಹೇಳಬೇಕು. ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಿದ್ದೆ. ಎದ್ದು ಹೋದರೂ ಮೂತ್ರ ತಕ್ಷಣ ಬರುತ್ತಿರಲಿಲ್ಲ, ಬಂದದ್ದು ಸಣ್ಣ ಧಾರೆಯಾಗಿ ನಿಂತು ನಿಂತು ಬರುತ್ತಿತ್ತು, ಹಿಂದಿರುಗಿ ಮಲಗುವಷ್ಟರಲ್ಲಿ ಇನ್ನೂ ಉಳಿದಿದೆ ಎನಿಸುತ್ತಿತ್ತು. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಿನ ಬೆಳಿಗ್ಗೆಯಿಂದ ನೀರು ಕುಡಿಯದೆ, ಯಡಿಯೂರಿನ ಬಳಿ ಬಸ್ಸು ನಿಲ್ಲುವವರೆಗೆ ಕಿಟಕಿಯ ಕಂಬಿ ಹಿಡಿದು ಕುಳಿತಿರುತ್ತಿದ್ದೆ. ಮೂತ್ರದ ತೊಂದರೆಗಳನ್ನು ಅಳೆಯಲು ವೈದ್ಯರು ಬಳಸುವ ಏಳು ಪ್ರಶ್ನೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನನಗೆ 35ಕ್ಕೆ 21 ಅಂಕ ಬಂತು. 20 ಮುಟ್ಟಿದರೆ ತೀವ್ರ ಎಂದು ಲೆಕ್ಕ. ಅಧ್ಯಾಪಕನಾಗಿದ್ದವನಿಗೆ, ಹೆಚ್ಚು ಅಂಕ ಬಂದಷ್ಟೂ ಕೆಟ್ಟದ್ದೆನ್ನುವ ಪರೀಕ್ಷೆ ಅದೇ ಮೊದಲು. ಸ್ಕ್ಯಾನಿಂಗಿನಲ್ಲಿ ಪ್ರಾಸ್ಟೇಟ್ ಗ್ರಂಥಿ 46 ಗ್ರಾಂ ಇತ್ತು. ಹರೆಯದಲ್ಲಿ ಅದು ಸುಮಾರು 20 ಗ್ರಾಂ ಇರುತ್ತದೆ. ಮೂತ್ರ ವಿಸರ್ಜಿಸಿದ ಮೇಲೂ ಕೋಶದಲ್ಲಿ 110 ಮಿ.ಲೀ. ಉಳಿಯುತ್ತಿತ್ತು. ಕ್ಯಾನ್ಸರಿನ ಸೂಚನೆ ಇರಲಿಲ್ಲ.

ಈ ಔಷಧ ಮಾಡುವ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಅದು ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಗ್ರಂಥಿಯೊಳಗೂ ಮೂತ್ರಕೋಶದ ಕೊರಳಿನಲ್ಲಿಯೂ ಇರುವ ಸ್ನಾಯುಗಳನ್ನು ಬಿಗಿಹಿಡಿಯುವ ಆಲ್ಫಾ-1 ಎಂಬ ಗ್ರಾಹಕಗಳನ್ನು (ಅಂದರೆ ದೇಹದ ಸಂದೇಶಗಳನ್ನು ಹಿಡಿಯುವ ತಾಣಗಳನ್ನು) ಮುಚ್ಚಿ, ಆ ಬಿಗಿತವನ್ನು ಸಡಿಲಿಸುತ್ತದೆ. ಅದೇ ಜಾತಿಯ ಗ್ರಾಹಕಗಳು ರಕ್ತನಾಳಗಳ ಗೋಡೆಯಲ್ಲಿಯೂ ಮೂಗಿನ ಒಳಪದರದಲ್ಲಿಯೂ ಕಣ್ಣಿನ ಪಾಪೆಯಲ್ಲಿಯೂ ಇವೆ. ಮುಂದೆ ನಾನು ಹೇಳಲಿರುವ ಬಹುತೇಕ ತೊಂದರೆಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಇದಕ್ಕೂ ಹಿಂದಿನ ಪ್ರಾಜೋಸಿನ್, ಟೆರಾಜೋಸಿನ್‌ಗಳು ರಕ್ತನಾಳಗಳನ್ನೂ ಅಷ್ಟೇ ಬಲವಾಗಿ ಸಡಿಲಿಸುತ್ತಿದ್ದುದರಿಂದ ಅವುಗಳ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಬೇಕಾಗುತ್ತಿತ್ತು. ಜಪಾನಿನಲ್ಲಿ ರೂಪುಗೊಂಡು 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ಯಾಮ್ಸುಲೋಸಿನ್ ಗ್ರಂಥಿಯ ಕಡೆಗೇ ಹೆಚ್ಚು ಒಲಿದದ್ದು, ಆದ್ದರಿಂದ ಮೊದಲ ದಿನದಿಂದಲೇ ಪೂರ್ಣ ಪ್ರಮಾಣದಲ್ಲಿ ಕೊಡಬಹುದು. ಒಲಿದದ್ದು ಎಂದೆನೇ ಹೊರತು ಅಲ್ಲಿಗೇ ಸೀಮಿತವಾದದ್ದು ಎನ್ನಲಿಲ್ಲ.

ಗುಣದ ಬಗ್ಗೆ ತಕರಾರಿಲ್ಲ. ನಾಲ್ಕನೆಯ ದಿನವೇ ಧಾರೆ ದಪ್ಪವಾಯಿತು. ಎರಡನೆಯ ವಾರದ ಹೊತ್ತಿಗೆ ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು. ಮೂರು ತಿಂಗಳ ಬಳಿಕ ಅದೇ ಏಳು ಪ್ರಶ್ನೆಗಳಿಗೆ 9 ಅಂಕ ಬಂತು. ಸತತವಾಗಿ ನಾಲ್ಕು ಗಂಟೆ ನಿದ್ರೆ ಮಾಡುವುದೆಂದರೇನು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಇನ್ನು ತಲೆಸುತ್ತಿನ ವಿಷಯ. ಆರಂಭಿಸಿದ ಹದಿನೇಳನೆಯ ದಿನ ಏಕಾದಶಿ. ಆ ದಿನ ರಾತ್ರಿ ಊಟವಿಲ್ಲ. ಒಂದು ಲೋಟ ಹಾಲು ಕುಡಿದು, ವ್ರತಕ್ಕೂ ಔಷಧಕ್ಕೂ ಸಂಬಂಧವಿಲ್ಲವೆಂದುಕೊಂಡು ಎಂದಿನಂತೆ ಕ್ಯಾಪ್ಸೂಲ್ ನುಂಗಿ ಮಲಗಿದೆ. ನಡುರಾತ್ರಿ ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ನೆಲಕ್ಕೆ ಬೀಳಲಿಲ್ಲ, ಹಣೆ ಮಾತ್ರ ಬಡಿಯಿತು. ಆಮೇಲೆ ತಿಳಿದ ಸಂಗತಿ ಇದು: ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ದೇಹ ಸೇರುವ ಔಷಧದ ಒಟ್ಟು ಪ್ರಮಾಣ ಶೇ. 30ರಷ್ಟು ಹೆಚ್ಚುತ್ತದೆ, ರಕ್ತದಲ್ಲಿ ಅದರ ಗರಿಷ್ಠ ಮಟ್ಟ ಶೇ. 40ರಿಂದ 70ರಷ್ಟು ಏರುತ್ತದೆ, ಮತ್ತು ಆ ಗರಿಷ್ಠ ಮಟ್ಟ ಊಟವಾದ ಮೇಲೆ ನುಂಗಿದಾಗ ಆರೇಳು ಗಂಟೆಗೆ ಮುಟ್ಟುವುದಾದರೆ ಬರಿಹೊಟ್ಟೆಯಲ್ಲಿ ನಾಲ್ಕೈದು ಗಂಟೆಗೇ ಮುಟ್ಟುತ್ತದೆ. ನಾನು ಎಂಟು ವರ್ಷಗಳಿಂದ ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ಸಹ ತೆಗೆದುಕೊಳ್ಳುತ್ತಿದ್ದೇನೆ. ಎರಡೂ ಸೇರಿ ನಡುರಾತ್ರಿಯಲ್ಲಿ ನನ್ನ ರಕ್ತದೊತ್ತಡವನ್ನು ಕೆಳಕ್ಕೆಳೆದಿದ್ದವು. ‘ದಿನವೂ ಅದೇ ಊಟದ ಅರ್ಧ ಗಂಟೆಯ ಬಳಿಕ’ ಎಂಬ ಆರು ಪದಗಳನ್ನು ಚೀಟಿಯಲ್ಲಿ ಬರೆದಿದ್ದರೆ ನನ್ನ ಹಣೆ ಉಳಿಯುತ್ತಿತ್ತು. ಈಗ ಏಕಾದಶಿಯ ರಾತ್ರಿ ಉಪ್ಪಿಟ್ಟನ್ನಾದರೂ ತಿಂದೇ ನುಂಗುತ್ತೇನೆ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಟಿನ್ನಿನದು, ಅದು ಪ್ರಾಣಿಜನ್ಯ. ಅದನ್ನು ನುಂಗುವವರಿಗೆ ಉಪ್ಪಿಟ್ಟಿನಿಂದ ಹೋಗುವ ವ್ರತ ಯಾವುದು ಎಂದು ನನ್ನ ಪತ್ನಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊತ್ತನ್ನು ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿದೆ. ಬೆಳಗಿನ ತಿಂಡಿಯ ಬಳಿಕ ತೆಗೆದುಕೊಳ್ಳುವ ಪದ್ಧತಿಯೂ ಇದೆ, ಬ್ರಿಟನ್ನಿನಲ್ಲಿ ಹೆಚ್ಚಾಗಿ ಹಾಗೆಯೇ ಹೇಳುತ್ತಾರೆ. ಆದರೆ ಹಗಲಿನಲ್ಲಿ ನಾನು ಸ್ಕೂಟರ್ ಓಡಿಸುತ್ತೇನೆ. ಆದ್ದರಿಂದ ರಾತ್ರಿಯ ಊಟದ ಬಳಿಕವೇ ಇರಲಿ, ಅಮ್ಲೋಡಿಪಿನ್ ಮಾತ್ರ ಬೆಳಿಗ್ಗೆಗೆ ಹೋಗಲಿ ಎಂದು ಇಬ್ಬರೂ ಒಪ್ಪಿದೆವು. ರಾತ್ರಿ ಎಂಟೂವರೆಗೆ ಊಟ, ಒಂಬತ್ತಕ್ಕೆ ಕ್ಯಾಪ್ಸೂಲ್ ಎಂದರೆ ಅದರ ಬಲ ಹೆಚ್ಚುವುದು ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ, ಸರಿಯಾಗಿ ನಾನು ಒಂದಕ್ಕೆ ಏಳುವ ಹೊತ್ತಿಗೆ. ಇದನ್ನು ಲೆಕ್ಕ ಹಾಕಿದ ಮೇಲೆ ಕೆಲವು ಅಭ್ಯಾಸಗಳನ್ನು ಬೆಳೆಸಿಕೊಂಡೆ. ಎಚ್ಚರವಾದೊಡನೆ ಏಳುವುದಿಲ್ಲ, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕುಳಿತು, ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಹತ್ತು ಹದಿನೈದು ಸಲ ಆಡಿಸಿ, ಆಮೇಲೆ ನಿಲ್ಲುತ್ತೇನೆ. ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುತ್ತದೆ. ಬಚ್ಚಲಿನಲ್ಲಿ ನಿಂತು ಮೂತ್ರ ವಿಸರ್ಜಿಸುವುದನ್ನು ಬಿಟ್ಟು ಕಮೋಡಿನ ಮೇಲೆ ಕುಳಿತೇ ಮಾಡುತ್ತೇನೆ, ಏಕೆಂದರೆ ತುಂಬಿದ ಕೋಶ ಒಮ್ಮೆಲೇ ಖಾಲಿಯಾಗುವಾಗ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ. ನಮ್ಮ ಹಳ್ಳಿಯ ಮನೆಯಲ್ಲಿರುವುದು ಕುಕ್ಕರಗಾಲಿನ ಶೌಚಾಲಯ. ಅಲ್ಲಿ ಬಹಳ ಹೊತ್ತು ಕುಳಿತು ಥಟ್ಟನೆ ಎದ್ದರೆ ಆರೋಗ್ಯವಂತರಿಗೂ ತಲೆ ತಿರುಗುತ್ತದೆ, ಈ ಔಷಧ ತೆಗೆದುಕೊಳ್ಳುವವರಿಗಂತೂ ಹೇಳುವುದೇ ಬೇಡ. ಗೋಡೆಗೆ ಒಂದು ಉಕ್ಕಿನ ಹಿಡಿ ಹಾಕಿಸಿದೆ. ಔಷಧದ ಒಂದು ತಿಂಗಳ ಬೆಲೆಗಿಂತ ಅದರ ಖರ್ಚು ಕಡಿಮೆಯಾಯಿತು.

ತಲೆಸುತ್ತೆಲ್ಲವೂ ಔಷಧದ್ದೇ ಎಂದು ಹೇಳಿದರೆ ಅನ್ಯಾಯವಾದೀತು. ಅಮೆರಿಕದಲ್ಲಿ ನಡೆದ ಪರೀಕ್ಷೆಗಳಲ್ಲಿ ಈ ಪ್ರಮಾಣದ ಕ್ಯಾಪ್ಸೂಲ್ ತೆಗೆದುಕೊಂಡ 100 ಜನರಲ್ಲಿ ಸುಮಾರು 15 ಮಂದಿಗೆ ತಲೆಸುತ್ತು ಬಂದಿತ್ತು; ಔಷಧವಿಲ್ಲದ ಖಾಲಿ ಕ್ಯಾಪ್ಸೂಲ್ ನುಂಗಿದವರಲ್ಲಿಯೂ 10 ಮಂದಿಗೆ ಬಂದಿತ್ತು. ವಯಸ್ಸೇ ಒಂದು ಪಾಲು ತಲೆಸುತ್ತನ್ನು ತರುತ್ತದೆ. ನನಗೆ ಎರಡನೆಯ ತಿಂಗಳ ಬಳಿಕ ಅದು ಬಹುಮಟ್ಟಿಗೆ ಹೋಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಊರಿಗೆ ಹೋಗುವಾಗ ಮರೆತು ನಾಲ್ಕೈದು ದಿನ ಬಿಟ್ಟರೆ, ಮತ್ತೆ ಆರಂಭಿಸುವ ರಾತ್ರಿ ಮೊದಲ ರಾತ್ರಿಯಂತೆಯೇ ಇರುತ್ತದೆ. ಬಿಟ್ಟುಹೋದದ್ದಕ್ಕೆಂದು ಎರಡು ನುಂಗಬಾರದು. ಕ್ಯಾಪ್ಸೂಲನ್ನು ಬಿಡಿಸಿಯೂ ತೆಗೆದುಕೊಳ್ಳಬಾರದು. ಒಳಗಿನ ಸಣ್ಣ ಸಣ್ಣ ಕಾಳುಗಳು ಔಷಧವನ್ನು ಇಡೀ ದಿನ ನಿಧಾನವಾಗಿ ಬಿಡುವಂತೆ ತಯಾರಾದವು, ಅವನ್ನು ಅಗಿದರೆ ಇಪ್ಪತ್ತನಾಲ್ಕು ಗಂಟೆಯ ಔಷಧ ಒಂದೇ ಸಲಕ್ಕೆ ಬಂದುಬಿಡುತ್ತದೆ.

ಮೂಗು ಕಟ್ಟುವುದು ಚಿಕ್ಕ ತೊಂದರೆಯಂತೆ ಕಾಣುತ್ತದೆ, ಆದರೆ ಅದರ ಹಿಂದೆ ದೊಡ್ಡ ಅಪಾಯವಿದೆ. ಮೂಗಿನ ರಕ್ತನಾಳಗಳು ಸಡಿಲಗೊಂಡು ಉಬ್ಬುವುದರಿಂದ ನನಗೆ ರಾತ್ರಿ ಒಂದು ಹೊಳ್ಳೆ ಮುಚ್ಚಿಕೊಳ್ಳುತ್ತಿತ್ತು. ಅದೇ ಪರೀಕ್ಷೆಗಳಲ್ಲಿ ಇದು 100ರಲ್ಲಿ 13 ಜನರಿಗೆ, ಖಾಲಿ ಕ್ಯಾಪ್ಸೂಲಿನವರಲ್ಲಿ 8 ಜನರಿಗೆ ಕಂಡಿತ್ತು. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವುದು ಔಷಧದ ಅಂಗಡಿಗೆ ಹೋಗಿ ‘ಶೀತಕ್ಕೆ ಒಂದು ಮಾತ್ರೆ ಕೊಡಿ’ ಎನ್ನುವುದು. ಹಾಗೆ ಸಿಗುವ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಫಿನೈಲ್‌ಎಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಇರುತ್ತವೆ. ಮೊದಲನೆಯದು ಟ್ಯಾಮ್ಸುಲೋಸಿನ್ ಮುಚ್ಚುವ ಅದೇ ಗ್ರಾಹಕಗಳನ್ನು ಕೆರಳಿಸಿ, ಸಡಿಲವಾದ ಸ್ನಾಯುಗಳನ್ನು ಮತ್ತೆ ಬಿಗಿಗೊಳಿಸುತ್ತದೆ. ಎರಡನೆಯದು ಮೂತ್ರಕೋಶ ಸಂಕುಚಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಮೂರು ದಿನ ಶೀತದ ಮಾತ್ರೆ ನುಂಗಿ, ಮೂರನೆಯ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು, ನೋವಿನಿಂದ ಹೊರಳಾಡಿ, ಆಸ್ಪತ್ರೆಯಲ್ಲಿ ಕ್ಯಾತಿಟರ್ ಹಾಕಿಸಿಕೊಂಡು ಬಂದರು. ನಾನು ಉಪ್ಪುನೀರಿನ ಹನಿಗಳಲ್ಲಿ ಮತ್ತು ತಲೆಯ ಕಡೆ ಒಂದು ದಿಂಬು ಹೆಚ್ಚಿಡುವುದರಲ್ಲಿ ತೃಪ್ತನಾಗಿದ್ದೇನೆ. ಹಾಗೆಯೇ, ಹುಳುಕಡ್ಡಿಗೆ ಬರೆದುಕೊಡುವ ಕೀಟೋಕೊನಜೋಲ್, ಇಟ್ರಾಕೊನಜೋಲ್ ಮಾತ್ರೆಗಳು ಟ್ಯಾಮ್ಸುಲೋಸಿನ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಅದರ ಮಟ್ಟ ಬಹಳ ಏರುತ್ತದೆ. ಚರ್ಮದ ವೈದ್ಯರಿಗೂ ಈ ಕ್ಯಾಪ್ಸೂಲಿನ ವಿಷಯ ಹೇಳಲೇಬೇಕು.

ಯಾರೂ ಬಾಯಿಬಿಟ್ಟು ಹೇಳದ ಅಡ್ಡಪರಿಣಾಮವೊಂದಿದೆ. ಸಂಭೋಗದ ಕೊನೆಯಲ್ಲಿ ವೀರ್ಯ ಬಹಳ ಕಡಿಮೆ ಬರುತ್ತದೆ ಅಥವಾ ಬರುವುದೇ ಇಲ್ಲ. ಸುಖದ ಅನುಭವ ಹೋಗುವುದಿಲ್ಲ, ನಿಮಿರುವಿಕೆಗೂ ಇದಕ್ಕೂ ಸಂಬಂಧವಿಲ್ಲ, ದೇಹಕ್ಕೆ ಯಾವ ಹಾನಿಯೂ ಇಲ್ಲ, ಔಷಧ ನಿಲ್ಲಿಸಿದರೆ ಮೊದಲಿನಂತಾಗುತ್ತದೆ. ಆದರೆ ಇದನ್ನು ಮೊದಲೇ ತಿಳಿಯದ ಗಂಡಸು ಹೆದರುತ್ತಾನೆ. ಧಾತು ನಷ್ಟವೆಂಬ ಭಯವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ, ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗದ ಜಾಹೀರಾತು ಓದಿ ಬೆಳೆದ ನಮ್ಮ ಪೀಳಿಗೆಯವರಲ್ಲಿ ಈ ಹೆದರಿಕೆ ಬಹಳ ಆಳವಾದದ್ದು. ನನ್ನ ಸ್ನೇಹಿತರೊಬ್ಬರು ಈ ಕಾರಣಕ್ಕೇ, ಯಾರಿಗೂ ಹೇಳದೆ, ಒಳ್ಳೆಯ ಗುಣ ಕಂಡಿದ್ದ ಔಷಧವನ್ನು ನಿಲ್ಲಿಸಿಬಿಟ್ಟರು. ಪರೀಕ್ಷೆಗಳಲ್ಲಿ 0.4 ಮಿ.ಗ್ರಾಂನಲ್ಲಿ ಇದು 100ಕ್ಕೆ 8 ಜನರಿಗೆ, ಅದರ ಎರಡು ಪಟ್ಟು ಪ್ರಮಾಣದಲ್ಲಿ 18 ಜನರಿಗೆ ಆಗಿತ್ತು. ಇದೇ ಗುಂಪಿನ ಸಿಲೋಡೋಸಿನ್‌ನಲ್ಲಿ 28 ಜನರಿಗೆ. ಅಲ್ಫುಜೋಸಿನ್‌ನಲ್ಲಿ ಬಹಳ ಅಪರೂಪ. ಇದು ಸಹಿಸಲಾಗದವರು ವೈದ್ಯರಲ್ಲಿ ಅದರ ಬಗ್ಗೆ ಕೇಳಬಹುದು. ನಿಮಿರುವಿಕೆಗೆ ಸಿಲ್ಡೆನಾಫಿಲ್‌ನಂಥ ಮಾತ್ರೆಯನ್ನು ಗುಟ್ಟಾಗಿ ತರಿಸಿಕೊಳ್ಳುವವರು ಇದನ್ನೂ ಅದನ್ನೂ ಒಟ್ಟಿಗೆ ತೆಗೆದುಕೊಂಡರೆ ರಕ್ತದೊತ್ತಡ ಕುಸಿದೀತು, ಆ ಗುಟ್ಟನ್ನು ವೈದ್ಯರ ಮುಂದಾದರೂ ಬಿಡಬೇಕು.

ಎಂಟು ತಿಂಗಳಾದ ಮೇಲೆ ವೈದ್ಯರು ಡ್ಯುಟಾಸ್ಟರೈಡ್ 0.5 ಮಿ.ಗ್ರಾಂ ಸೇರಿಸಿದರು. ಇದು ಬೇರೆ ಜಾತಿಯದು. ಟೆಸ್ಟೋಸ್ಟಿರೋನ್ ಅನ್ನು ಗ್ರಂಥಿ ಬೆಳೆಸುವ ಇನ್ನೊಂದು ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವವನ್ನು ತಡೆದು, ಆರು ತಿಂಗಳು ವರ್ಷದಲ್ಲಿ ಗ್ರಂಥಿಯನ್ನು ಕಾಲುಭಾಗದಷ್ಟು ಕುಗ್ಗಿಸುತ್ತದೆ. ಈ ತೊಂದರೆ ಇರುವವರಲ್ಲಿ ಎರಡು ಬಗೆಯ ಔಷಧಗಳನ್ನು ಕೂಡಿಸಿ ಕೊಡುವುದರಿಂದ ರೋಗ ಮುಂದುವರಿಯುವುದು ತಗ್ಗುತ್ತದೆಂದು 2003ರಲ್ಲಿ ಪ್ರಕಟವಾದ, ಮೂರು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಡಾಕ್ಸಜೋಸಿನ್ ಮತ್ತು ಫಿನಾಸ್ಟರೈಡ್ ಬಳಸಿ ನಡೆದ ಅಧ್ಯಯನ ತೋರಿಸಿತ್ತು. ಅದನ್ನು ಅಲ್ಲಗಳೆಯುವುದಿಲ್ಲ. ನನಗೆ ಮಾತ್ರ ಅದು ಒಗ್ಗಲಿಲ್ಲ. ಕಾಮಾಸಕ್ತಿ ಮೆಲ್ಲಗೆ ತಗ್ಗಿತು. ಅದನ್ನು ಆರಂಭಿಸಿದ ಒಂಬತ್ತನೆಯ ತಿಂಗಳಿನಲ್ಲಿ ಎಡ ಮೊಲೆಯ ತೊಟ್ಟಿನ ಕೆಳಗೆ ಸಣ್ಣ ಗಂಟಿನಂಥದ್ದು ಬಂದು, ಬನಿಯನ್ ತಾಗಿದರೂ ನೋಯುತ್ತಿತ್ತು. ಪರೀಕ್ಷೆ ಮಾಡಿಸಿ, ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಹದಿನಾಲ್ಕನೆಯ ತಿಂಗಳಿನಲ್ಲಿ ವೈದ್ಯರ ಒಪ್ಪಿಗೆಯಿಂದಲೇ ನಿಲ್ಲಿಸಿದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಐದು ವಾರ ಬೇಕು, ಹೀಗಾಗಿ ನೋವು ಪೂರ್ತಿ ಹೋಗಲು ನಾಲ್ಕು ತಿಂಗಳಾಯಿತು. ನಿಲ್ಲಿಸಿದರೆ ಗ್ರಂಥಿ ಮತ್ತೆ ಬೆಳೆಯುತ್ತದೆಂಬುದು ಗೊತ್ತಿದ್ದೇ ಮಾಡಿದ ತೀರ್ಮಾನ ಇದು.

ಅದನ್ನು ತೆಗೆದುಕೊಳ್ಳುವವರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಆರು ತಿಂಗಳಾದ ಮೇಲೆ ನನ್ನ ಪಿ.ಎಸ್.ಎ. (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಅಂಶ) 3.4ರಿಂದ 1.6ಕ್ಕೆ ಇಳಿಯಿತು; ಲ್ಯಾಬಿನವರು ‘ಸಹಜ’ ಎಂದು ಮುದ್ರಿಸಿದರು, ನಾನು ಸಿಹಿ ಹಂಚಲು ಹೊರಟೆ. ಈ ಔಷಧ ಆ ಅಂಕಿಯನ್ನು ತಾನೇ ಅರ್ಧ ಮಾಡುತ್ತದೆ, ಆದ್ದರಿಂದ ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು, ಇಳಿದ ಮಟ್ಟದಿಂದ ಮತ್ತೆ ಏರತೊಡಗಿದರೆ ಅಂಕಿ ಚಿಕ್ಕದಿದ್ದರೂ ತೋರಿಸಬೇಕು ಎಂದು ವೈದ್ಯರು ಹೇಳಿದರು. ಬೇರೆ ಊರಿನಲ್ಲಿ ಬೇರೆ ವೈದ್ಯರಿಗೆ ವರದಿ ತೋರಿಸುವವರು ಇದನ್ನು ಹೇಳದಿದ್ದರೆ ಕ್ಯಾನ್ಸರಿನ ಸುಳಿವೇ ತಪ್ಪಿಹೋದೀತು. ಇನ್ನೊಂದು, ಆಗ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ದಿನವೂ ರಾತ್ರಿ ‘ಅಪ್ಪಾ, ನಿಮ್ಮ ಮಾತ್ರೆ’ ಎಂದು ತಟ್ಟೆಯಲ್ಲಿ ತೆಗೆದಿಡುವವಳು ಅವಳೇ. ಗರ್ಭಿಣಿಯರು ಈ ಔಷಧವನ್ನು ಮುಟ್ಟಬಾರದು, ಸೋರಿದ ಕ್ಯಾಪ್ಸೂಲಿನಿಂದ ಚರ್ಮದ ಮೂಲಕ ಒಳಸೇರಿ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ತೊಂದರೆ ಮಾಡಬಹುದು ಎಂಬುದನ್ನು ನಾನು ಓದಿದ್ದು ಅವಳು ಬಂದ ಎರಡು ವಾರಗಳ ಮೇಲೆ. ಅಂದಿನಿಂದ ಡಬ್ಬಿ ಬೀರುವಿನ ಮೇಲಿನ ಅರೆಗೆ ಹೋಯಿತು. ಮೊಮ್ಮಗ ಚೆನ್ನಾಗಿದ್ದಾನೆ. ರಕ್ತದಾನ ಮಾಡುವ ವಯಸ್ಸಿನವರು ಈ ಔಷಧ ನಿಲ್ಲಿಸಿ ಆರು ತಿಂಗಳು ಕಳೆಯುವವರೆಗೆ ಕೊಡಬಾರದು ಎಂಬ ನಿಯಮಕ್ಕೂ ಇದೇ ಕಾರಣ.

ಅಂಗಡಿಯಲ್ಲಿ ಇನ್ನೊಂದು ಅವಾಂತರವಾಗುತ್ತದೆ. ಬರಿಯ ಟ್ಯಾಮ್ಸುಲೋಸಿನ್‌ಗೂ ಡ್ಯುಟಾಸ್ಟರೈಡ್ ಸೇರಿದ್ದಕ್ಕೂ ಕಂಪನಿಗಳು ಒಂದೇ ಹೆಸರಿಟ್ಟು, ಕೊನೆಯಲ್ಲಿ ಒಂದಕ್ಷರವನ್ನೋ ‘ಪ್ಲಸ್’ ಎಂಬುದನ್ನೋ ಸೇರಿಸುತ್ತವೆ. ನಾನು ಎರಡನೆಯದನ್ನು ನಿಲ್ಲಿಸಿದ ಮೇಲೆಯೂ ಅಂಗಡಿಯವರು ಒಮ್ಮೆ ಹಳೆಯ ಅಭ್ಯಾಸದಿಂದ ಅದನ್ನೇ ಕೊಟ್ಟರು. ಮನೆಗೆ ಬಂದು ಸ್ಟ್ರಿಪ್ಪಿನ ಹಿಂಬದಿ ಓದಿದ್ದರಿಂದ ಗೊತ್ತಾಯಿತು. ಈಗ ಬ್ರಾಂಡಿನ ಹೆಸರು ಬಿಟ್ಟು ಔಷಧದ ಮೂಲ ಹೆಸರನ್ನೇ ಹೇಳಿ ಜನೌಷಧಿ ಕೇಂದ್ರದಲ್ಲಿ ಕೊಳ್ಳುತ್ತೇನೆ. ಬೆಲೆ ಅರ್ಧಕ್ಕೂ ಕಡಿಮೆ, ಗುಣದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಕೆಲವೊಮ್ಮೆ ದಾಸ್ತಾನು ಇರುವುದಿಲ್ಲವೆಂಬುದೇ ದೂರು.

ಕಣ್ಣಿನ ವಿಷಯವನ್ನು ಹೇಳದೆ ಈ ವಿಮರ್ಶೆ ಪೂರ್ಣವಾಗದು. ಪ್ರಾಸ್ಟೇಟ್ ಬೆಳೆಯುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಒಂದೇ. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪಟಲ ಆಪರೇಷನ್ನಿನ ವೇಳೆ ಬಿಗಿಯಿಲ್ಲದ ಬಟ್ಟೆಯಂತೆ ಅಲೆಯಾಡುತ್ತದೆ, ಹಿಗ್ಗಿಸಿದ ಪಾಪೆ ನಡುವೆಯೇ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ನೇತ್ರವೈದ್ಯರಾದ ಡೇವಿಡ್ ಚಾಂಗ್ ಮತ್ತು ಜಾನ್ ಕ್ಯಾಂಪ್‌ಬೆಲ್ 2005ರಲ್ಲಿ ಮೊದಲು ವರದಿ ಮಾಡಿದರು. ಕೆಲವು ದಿನ ಮೊದಲು ಔಷಧ ನಿಲ್ಲಿಸಿದರೆ ಅಪಾಯ ಹೋಗುವುದೆಂಬ ಖಾತ್ರಿಯಿಲ್ಲ. ಆದರೆ ಶಸ್ತ್ರವೈದ್ಯರಿಗೆ ಮೊದಲೇ ತಿಳಿದಿದ್ದರೆ ಪಾಪೆಯನ್ನು ಹಿಡಿದಿಡುವ ಸಣ್ಣ ಕೊಕ್ಕೆಗಳೂ ಚುಚ್ಚುಮದ್ದೂ ಸಿದ್ಧವಾಗಿರುತ್ತವೆ. ಕಳೆದ ವರ್ಷ ನನ್ನ ಬಲಗಣ್ಣಿನ ಆಪರೇಷನ್ ಆದಾಗ ‘ಸಕ್ಕರೆ ಇದೆಯೇ, ಬಿ.ಪಿ. ಇದೆಯೇ’ ಎಂದು ಕೇಳಿದ ಅರ್ಜಿಯಲ್ಲಿ ಪ್ರಾಸ್ಟೇಟಿನ ಪ್ರಶ್ನೆಯೇ ಇರಲಿಲ್ಲ. ನಾನಾಗಿಯೇ ಹೇಳಿದೆ. ವೈದ್ಯೆ ಪೆನ್ನು ಕೆಳಗಿಟ್ಟು, ಎಷ್ಟು ದಿನದಿಂದ ಎಂದು ಕೇಳಿ, ಪಟ್ಟಿಯಲ್ಲಿ ನನ್ನ ಸರದಿಯನ್ನು ಕೊನೆಗೆ ಹಾಕಿ ಹೆಚ್ಚು ಸಮಯ ಇಟ್ಟುಕೊಂಡರು. ಹಳ್ಳಿಗಳಿಂದ ಬಸ್ಸಿನಲ್ಲಿ ಉಚಿತ ಶಿಬಿರಗಳಿಗೆ ಹೋಗುವ ಹಿರಿಯರಲ್ಲಿ ಎಷ್ಟು ಜನ ಇದನ್ನು ಹೇಳುತ್ತಾರೋ! ಪೊರೆ ಇದೆಯೆಂದು ಗೊತ್ತಿರುವವರು ಸಾಧ್ಯವಾದರೆ ಕಣ್ಣಿನ ಆಪರೇಷನ್ ಮುಗಿಸಿಕೊಂಡೇ ಈ ಕ್ಯಾಪ್ಸೂಲ್ ಆರಂಭಿಸಬಹುದೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಐದಕ್ಕೆ ಅಂಕ ಕೊಡಬೇಕೆಂದರೆ ಟ್ಯಾಮ್ಸುಲೋಸಿನ್‌ಗೆ ನಾಲ್ಕು, ನನ್ನ ದೇಹದ ಮಟ್ಟಿಗೆ ಡ್ಯುಟಾಸ್ಟರೈಡ್‌ಗೆ ಎರಡು, ಇವುಗಳನ್ನು ರೋಗಿಗೆ ತಲುಪಿಸುವ ವಿಧಾನಕ್ಕೆ ಒಂದು. ಕಳೆದ ತಿಂಗಳು ಒಂದು ಅಂಗಡಿಯಲ್ಲಿ ಹಠ ಹಿಡಿದು ಆ ಮಾಹಿತಿಯ ಹಾಳೆಯನ್ನು ಕೇಳಿ ಪಡೆದೆ. ಪೂರ್ತಿ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿದ್ದ ಅದರ ತಲೆಯ ಮೇಲೆ, ಇದು ನೋಂದಾಯಿತ ವೈದ್ಯರ, ಆಸ್ಪತ್ರೆಯ ಅಥವಾ ಪ್ರಯೋಗಾಲಯದ ಬಳಕೆಗೆ ಮಾತ್ರ ಎಂದು ಅಚ್ಚಾಗಿತ್ತು. ಊಟದ ಸಂಗತಿ, ತಲೆಸುತ್ತು, ಕಣ್ಣು, ಎಲ್ಲವೂ ಅದರಲ್ಲಿದ್ದವು. ಮುಖ್ಯವಾದ ಹತ್ತು ಸಾಲುಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ಇದೇ ಕ್ಯಾಪ್ಸೂಲ್ ತೆಗೆದುಕೊಳ್ಳುವ ನನ್ನ ಭಾವನವರಿಗೆ ಕೊಟ್ಟುಬಂದೆ. ಅವರು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಕ್ಯಾಪ್ಸೂಲನ್ನು ಮಾತ್ರ ಇಂದಿಗೂ ಬಿಡಿಸಿ ಜೇನುತುಪ್ಪದಲ್ಲಿ ಕಲಸಿಯೇ ತೆಗೆದುಕೊಳ್ಳುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.